ಅಂಕಿತವಿಲ್ಲದ ಮಾತು: ಹೆಸರು, ಹೊಣೆ ಮತ್ತು ಸಾರ್ವಜನಿಕ ಶಿಕ್ಷಣ

ಹನ್ನೆರಡನೆಯ ಶತಮಾನದ ಶರಣರು ಕನ್ನಡ ನುಡಿಗೆ ಕೊಟ್ಟ ಕೊಡುಗೆಗಳಲ್ಲಿ ಅಂಕಿತವೂ ಒಂದು. ವಚನದ ಕೊನೆಯಲ್ಲಿ ಬರುವ ಆ ಹೆಸರನ್ನು ಇಷ್ಟದೈವದ ಸ್ಮರಣೆಯೆಂದು ನಾವು ಸಾಮಾನ್ಯವಾಗಿ ಗ್ರಹಿಸುತ್ತೇವೆ. ಅದು ಸ್ಮರಣೆಯೂ ಹೌದು, ಸಂಬೋಧನೆಯೂ ಹೌದು. ಅದರೊಂದಿಗೆ ಅಂಕಿತಕ್ಕೆ ಇನ್ನೊಂದು ಕೆಲಸವೂ ಇದೆ. ಈ ಮಾತನ್ನು ಆಡಿದವರು ಯಾರು, ಇದಕ್ಕೆ ಉತ್ತರ ಹೇಳಬೇಕಾದವರು ಯಾರು ಎಂಬುದನ್ನು ಅದು ಮಾತಿನೊಳಗೇ ಕಟ್ಟಿಡುತ್ತದೆ. ವಚನವು ಒಂದು ಓಲೆಕಟ್ಟಿನಿಂದ ಇನ್ನೊಂದಕ್ಕೆ ನಕಲಾದರೂ, ಒಂದು ಊರಿನಿಂದ ಇನ್ನೊಂದು ಊರಿಗೆ ಹಾಡಾಗಿ ಹೋದರೂ ಅಂಕಿತವು ಅದರ ಜೊತೆಯಲ್ಲಿಯೇ ಸಾಗುತ್ತದೆ.

ಇಂದು ನಮ್ಮ ಕೈಯಲ್ಲಿರುವ ಮೊಬೈಲಿಗೆ ದಿನವೂ ಬರುವ ಹತ್ತಾರು ಸಂದೇಶಗಳಿಗೆ ಅಂಥ ಅಂಕಿತವಿಲ್ಲ. ಅವು ಎಲ್ಲಿ ಹುಟ್ಟಿದವು, ಯಾರ ಕೈಯಿಂದ ಹೊರಟವು, ದಾರಿಯಲ್ಲಿ ಯಾರು ಏನನ್ನು ಕೂಡಿಸಿದರು, ಏನನ್ನು ಕಳೆದರು ಎಂಬುದು ತಿಳಿಯದು. ಆದರೂ ನಾವು ಓದುತ್ತೇವೆ, ನಂಬುತ್ತೇವೆ, ಮುಂದಕ್ಕೆ ಕಳುಹಿಸುತ್ತೇವೆ. ಅಂತರ್ಜಾಲದ ಅನಾಮಧೇಯತೆಯೇ ಈ ಅನರ್ಥಕ್ಕೆಲ್ಲ ಮೂಲ, ಪ್ರತಿಯೊಬ್ಬರೂ ತಮ್ಮ ನಿಜನಾಮದಲ್ಲಿಯೇ ಬರೆಯಬೇಕೆಂದು ಕಡ್ಡಾಯ ಮಾಡಿದರೆ ಸುಳ್ಳು ತಾನಾಗಿ ಅಡಗುತ್ತದೆ ಎಂಬ ಅಭಿಪ್ರಾಯ ಆಗಾಗ ಕೇಳಿಬರುತ್ತದೆ. ಈ ಅಭಿಪ್ರಾಯದಲ್ಲಿ ಎಷ್ಟು ತಥ್ಯವಿದೆ, ಸುಳ್ಳಿಗೆ ನಿಜವಾದ ಮದ್ದು ಎಲ್ಲಿದೆ ಎಂಬುದನ್ನು ಶರಣರ ಬೆಳಕಿನಲ್ಲಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ವಚನಕಾರರ ಮೂರು ಮಾದರಿಗಳು

ಹೆಸರಿಗೂ ಮಾತಿಗೂ ಇರುವ ಸಂಬಂಧವನ್ನು ತಿಳಿಯಲು ವಚನ ಸಾಹಿತ್ಯದಲ್ಲಿಯೇ ಮೂರು ಮಾದರಿಗಳು ದೊರೆಯುತ್ತವೆ.

ಮೊದಲನೆಯದು ನಿಜನಾಮದ ಮಾದರಿ. ಅಂಬಿಗರ ಚೌಡಯ್ಯನವರು ದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಳ್ಳಲಿಲ್ಲ, ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಸಮಾಜದ ಡಾಂಭಿಕತೆಯನ್ನು ಕಟುವಾದ ಮಾತುಗಳಲ್ಲಿ ಖಂಡಿಸಿದ ಆ ಶರಣರು ತಮ್ಮ ಕಾಯಕವನ್ನೂ ಹೆಸರನ್ನೂ ಪ್ರತಿಯೊಂದು ವಚನದ ಕೊನೆಗೆ ನಿಲ್ಲಿಸಿದರು. ಕಟುವಾಗಿ ಮಾತನಾಡುವವನು ತನ್ನ ಮುಖವನ್ನು ತೋರಿಸಿಯೇ ಮಾತನಾಡಬೇಕೆಂಬ ಧೈರ್ಯ ಅಲ್ಲಿದೆ.

ಎರಡನೆಯದು ಆಯ್ದುಕೊಂಡ ಹೆಸರಿನ ಮಾದರಿ. ಬಸವಣ್ಣನವರು ಕೂಡಲಸಂಗಮದೇವ ಎಂದರು, ಅಲ್ಲಮಪ್ರಭುಗಳು ಗುಹೇಶ್ವರ ಎಂದರು, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನ ಎಂದರು, ಸಿದ್ಧರಾಮೇಶ್ವರರು ಕಪಿಲಸಿದ್ಧಮಲ್ಲಿಕಾರ್ಜುನ ಎಂದರು. ಇವು ಅವರ ಹುಟ್ಟುಹೆಸರುಗಳಲ್ಲ. ಆದರೂ ಒಮ್ಮೆ ಆಯ್ದುಕೊಂಡ ಅಂಕಿತಕ್ಕೆ ಬದುಕಿನುದ್ದಕ್ಕೂ ಬದ್ಧರಾಗಿ ನಿಂತದ್ದರಿಂದ ಅದು ಹೆಸರಿಗಿಂತಲೂ ಗಟ್ಟಿಯಾದ ಗುರುತಾಯಿತು. ಇಂದು ಒಂದು ಮಾತನ್ನು ಆಡಿ ನಾಳೆ ಅದನ್ನು ಅಲ್ಲಗಳೆದು ಬೇರೊಂದು ಅಂಕಿತದ ಮರೆಗೆ ಸರಿಯುವ ಅವಕಾಶವನ್ನು ಅವರು ತಮಗೆ ತಾವೇ ಇಟ್ಟುಕೊಳ್ಳಲಿಲ್ಲ.

ಮೂರನೆಯದು ಹೆಸರು ಉಳಿಯದ ಮಾದರಿ. ಕೆಲವು ವಚನಗಳ ಅಂಕಿತ ಮಾತ್ರ ನಮಗೆ ದೊರೆತಿದೆ, ಅವುಗಳನ್ನು ರಚಿಸಿದ ಶರಣರ ಹೆಸರು ಕಾಲಗರ್ಭದಲ್ಲಿ ಅಡಗಿದೆ. ವಚನ ಸಂಪುಟಗಳಲ್ಲಿ ಅವರನ್ನು ಅಜ್ಞಾತ ವಚನಕಾರರೆಂದು ಗುರುತಿಸಲಾಗಿದೆ. ಅವರು ಯಾರೆಂದು ತಿಳಿಯದಿದ್ದರೂ ಅವರ ಮಾತಿನ ಬೆಲೆ ಕುಂದಿಲ್ಲ. ಓದುಗರು ಅದನ್ನು ತಮ್ಮ ಅನುಭವದ ಒರೆಗಲ್ಲಿಗೆ ಹಚ್ಚಿ ನೋಡಿ ಸ್ವೀಕರಿಸಿದ್ದಾರೆ.

ಈ ಮೂರೂ ಮಾದರಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಹುಟ್ಟುಹೆಸರು ಕಾಣುತ್ತದೆಯೋ ಇಲ್ಲವೋ ಎಂಬುದು ಶರಣರಿಗೆ ಮುಖ್ಯವಾಗಿರಲಿಲ್ಲ. ನುಡಿದವನು ನುಡಿಗೆ ಹೊಣೆಯಾಗಿ ನಿಲ್ಲುತ್ತಾನೆಯೇ, ಕೇಳಿದವನು ಅದನ್ನು ಪರೀಕ್ಷಿಸಿ ಸ್ವೀಕರಿಸುತ್ತಾನೆಯೇ ಎಂಬ ಎರಡು ಪ್ರಶ್ನೆಗಳು ಮುಖ್ಯವಾಗಿದ್ದವು. ಅನುಭವ ಮಂಟಪದ ಗೋಷ್ಠಿಯನ್ನು ಚಿತ್ರಿಸುವ ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯವರನ್ನೂ ಅಲ್ಲಮಪ್ರಭುಗಳು ಪ್ರಶ್ನಿಸದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪ್ರಶ್ನೆ ಅಲ್ಲಿ ಅವಮಾನವಲ್ಲ, ಗೌರವದ ಒಂದು ರೂಪ.

ಅನಾಮಧೇಯತೆ ಎಂಬುದು ಏನು?

ಅಂತರ್ಜಾಲದಲ್ಲಿ ಅನಾಮಧೇಯತೆ ಎಂದರೆ ಓದುವವರಿಗೆ ತನ್ನ ಗುರುತು ತಿಳಿಯದಂತೆ ಬರೆಯುವುದು. ಕಲ್ಪಿತ ಹೆಸರಿನ ಖಾತೆ, ಬೇರೆ ಯಾರದೋ ಭಾವಚಿತ್ರ, ಗುರುತಿಲ್ಲದ ಬರಹ ಇವೆಲ್ಲ ಅದರ ರೂಪಗಳು. ಆದರೆ ಇದು ಪೂರ್ಣ ಅದೃಶ್ಯತೆಯೆಂದು ತಿಳಿಯಬಾರದು. ನಮ್ಮ ದೇಶದಲ್ಲಿ ಗುರುತಿನ ದಾಖಲೆಯಿಲ್ಲದೆ ಸಿಮ್ ಕಾರ್ಡ್ ದೊರೆಯುವುದಿಲ್ಲ. ಸೇವೆಯನ್ನು ಒದಗಿಸುವ ಸಂಸ್ಥೆಯ ಬಳಿ ಬಳಕೆದಾರರ ದೂರವಾಣಿ ಸಂಖ್ಯೆಯೂ ಸಂಪರ್ಕದ ವಿವರಗಳೂ ಸಾಮಾನ್ಯವಾಗಿ ಇರುತ್ತವೆ. ನೆರೆಯವರಿಗೆ ಕಾಣದವನು ತನಿಖಾ ಸಂಸ್ಥೆಗೂ ಕಾಣುವುದಿಲ್ಲವೆಂದಲ್ಲ.

ಈ ಮರೆಯಿಂದ ಆಗುವ ಕೇಡು ಎಲ್ಲರಿಗೂ ತಿಳಿದದ್ದೇ. ಮುಖಕ್ಕೆ ಮುಖ ಕೊಟ್ಟು ಆಡಲಾರದ ಮಾತನ್ನು ಮರೆಯಲ್ಲಿ ನಿಂತು ಆಡುವ ಚಾಳಿ ಬೆಳೆದಿದೆ. ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಸಾರ್ವಜನಿಕವಾಗಿ ಅಭಿಪ್ರಾಯ ಹೇಳುವ ಹೆಣ್ಣುಮಕ್ಕಳ ಮೇಲೆ ಮತ್ತು ದುರ್ಬಲ ಸಮುದಾಯಗಳ ಮೇಲೆ.

ಆದರೆ ಮರೆಯಿಂದ ಆಗುವ ಉಪಕಾರವೂ ಇದೆ. ನಮ್ಮ ಪ್ರಜಾಪ್ರಭುತ್ವದ ಅಡಿಗಲ್ಲಾದ ಮತದಾನವೇ ಗುಪ್ತವಾಗಿ ನಡೆಯುತ್ತದೆ. ಯಾರಿಗೆ ಮತ ಕೊಟ್ಟೆನೆಂದು ಒಡೆಯನಿಗೂ ಸಾಲ ಕೊಟ್ಟವನಿಗೂ ತಿಳಿಯಬಾರದೆಂಬುದರಿಂದಲೇ ಬಡವನ ಮತಕ್ಕೆ ಸ್ವಾತಂತ್ರ್ಯ ಬಂದಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರನ್ನು ಬಹಿರಂಗಪಡಿಸುವುದನ್ನು ಕಾನೂನು ಅಪರಾಧವೆಂದು ಪರಿಗಣಿಸುತ್ತದೆ. ಕಚೇರಿಯ ಭ್ರಷ್ಟಾಚಾರವನ್ನು ಬಯಲಿಗೆಳೆಯುವ ನೌಕರನಿಗೆ, ಮನೆಯೊಳಗಿನ ಹಿಂಸೆಯನ್ನು ಹೇಳಿಕೊಳ್ಳಲು ದಾರಿ ಹುಡುಕುವ ಹೆಣ್ಣುಮಗಳಿಗೆ ಹೆಸರಿನ ಮರೆಯೇ ರಕ್ಷೆಯಾಗುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಆದ್ದರಿಂದ ಮರೆಯನ್ನೆಲ್ಲ ಕಿತ್ತೊಗೆಯಬೇಕೆಂಬ ಮಾತು ಕೇಳಲು ಸರಳವಾಗಿದ್ದರೂ ಅದರ ಬೆಲೆಯನ್ನು ತೆರುವವರು ದುರ್ಬಲರೇ ಆಗಿರುತ್ತಾರೆ.

ಮುರ್ಕಿಯಲ್ಲಿ ನಡೆದದ್ದು

ಸುಳ್ಳನ್ನು ಹರಡುವವರು ಹೆಸರಿಲ್ಲದವರೇ ಎಂಬ ನಂಬಿಕೆಯನ್ನು ಪರೀಕ್ಷಿಸಲು ನಮ್ಮ ನಾಡಿನದೇ ಒಂದು ದಾರುಣ ಘಟನೆಯನ್ನು ನೆನೆಯಬೇಕಾಗಿದೆ.

2018ರ ಆರಂಭದ ತಿಂಗಳುಗಳಿಂದ ದೇಶದ ಹಲವು ರಾಜ್ಯಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಹಬ್ಬಿತ್ತು. ಅದಕ್ಕೆ ಸಾಕ್ಷಿಯೆಂದು ಒಂದು ವಿಡಿಯೊ ಹರಿದಾಡುತ್ತಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದರಲ್ಲಿತ್ತು. ವಾಸ್ತವದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವು ಮೂಡಿಸಲು ಸಂಸ್ಥೆಯೊಂದು ತಯಾರಿಸಿದ ಕಿರುಚಿತ್ರ. ಮೂಲ ಚಿತ್ರದಲ್ಲಿ ಬೈಕಿನವರು ಮರಳಿ ಬಂದು ಮಗುವನ್ನು ಇಳಿಸಿ, ಮಕ್ಕಳ ಬಗ್ಗೆ ಎಚ್ಚರವಿರಲಿ ಎಂಬ ಅರ್ಥದ ಫಲಕವನ್ನು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಎಚ್ಚರಿಕೆಯ ಚಿತ್ರ ಅಪಹರಣದ ಸಾಕ್ಷ್ಯವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಮೆಗಾಗಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಗುಂಪು ಹೊಡೆದು ಕೊಂದಿತು.

ಎರಡು ತಿಂಗಳೂ ಕಳೆಯಲಿಲ್ಲ. ಜುಲೈ 13ರಂದು ಹೈದರಾಬಾದಿನ ಕೆಲವು ಗೆಳೆಯರು ಬೀದರ ಜಿಲ್ಲೆಗೆ ಬಂದಿದ್ದರು. ದಾರಿಯಲ್ಲಿ ಕಂಡ ಶಾಲಾಮಕ್ಕಳಿಗೆ ಅವರು ಚಾಕೊಲೇಟ್ ಹಂಚಿದರು. ಅದು ಸಂಶಯಕ್ಕೆ ಕಾರಣವಾಯಿತು, ಮಾತಿಗೆ ಮಾತು ಬೆಳೆಯಿತು, ಅವರು ಕಾರಿನಲ್ಲಿ ಅಲ್ಲಿಂದ ಹೊರಟರು. ಮಕ್ಕಳ ಕಳ್ಳರು ತಪ್ಪಿಸಿಕೊಂಡು ಬರುತ್ತಿದ್ದಾರೆಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪಿನ ಮೂಲಕ ಅವರ ಕಾರಿಗಿಂತ ಮೊದಲೇ ಔರಾದ ಭಾಗದ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿದರು. ಗುಂಪಿನ ಹೊಡೆತಕ್ಕೆ ಆ ಗೆಳೆಯರಲ್ಲಿ ಒಬ್ಬ ಯುವ ತಂತ್ರಜ್ಞ ಬಲಿಯಾದ. ಉಳಿದವರು ತೀವ್ರವಾಗಿ ಗಾಯಗೊಂಡರು. ಅವರನ್ನು ಉಳಿಸಲು ಹೋದ ಪೊಲೀಸರಿಗೂ ಪೆಟ್ಟುಗಳು ಬಿದ್ದವು.

ಬೀದರ ಜಿಲ್ಲೆಯೆಂದರೆ ಬಸವಕಲ್ಯಾಣವಿರುವ ಜಿಲ್ಲೆ. ದೂರದೂರದಿಂದ ಬಂದವರನ್ನು ಕುಲ ಕೇಳದೆ, ಊರು ಕೇಳದೆ ಮಹಾಮನೆಯೊಳಕ್ಕೆ ಬರಮಾಡಿಕೊಂಡ ಪರಂಪರೆ ಮೂಡಿದ ನೆಲ. ಅದೇ ನೆಲದಲ್ಲಿ ಹೊರಗಿನಿಂದ ಬಂದವನೆಂಬ ಒಂದೇ ಕಾರಣ ಮನುಷ್ಯನೊಬ್ಬನ ಸಾವಿಗೆ ಸಾಕಾಯಿತೆಂಬುದು ಶರಣಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವ ನಮ್ಮೆಲ್ಲರ ನಿದ್ದೆ ಕೆಡಿಸಬೇಕಾದ ಸಂಗತಿ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಸಂದೇಶವನ್ನು ಊರಿಂದ ಊರಿಗೆ ದಾಟಿಸಿದವರು ಮುಖವಿಲ್ಲದವರಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿಯೊಬ್ಬನ ದೂರವಾಣಿ ಸಂಖ್ಯೆಯೂ ಕಾಣುತ್ತದೆ. ಕಳುಹಿಸಿದವನು ಸೋದರಮಾವನಾಗಿರುತ್ತಾನೆ, ಪಕ್ಕದ ಹೊಲದವನಾಗಿರುತ್ತಾನೆ, ಸಹಪಾಠಿಯಾಗಿರುತ್ತಾನೆ. ಮುರ್ಕಿಯ ಪ್ರಕರಣದಲ್ಲಿ ಗುಂಪಿನ ನಿರ್ವಾಹಕನೂ ಸೇರಿದಂತೆ ಹಲವರನ್ನು ಪೊಲೀಸರು ಬಂಧಿಸಲು ಸಾಧ್ಯವಾದದ್ದೂ ಅವರ ಗುರುತು ಬಚ್ಚಿಟ್ಟದ್ದಾಗಿರಲಿಲ್ಲ ಎಂಬುದರಿಂದಲೇ. ಅಲ್ಲಿ ಹೆಸರಿತ್ತು, ಹೊಣೆಯಿರಲಿಲ್ಲ. ಪ್ರತಿಯೊಬ್ಬನೂ ತಾನು ಮಾತನಾಡುತ್ತಿಲ್ಲ, ಬಂದದ್ದನ್ನು ದಾಟಿಸುತ್ತಿದ್ದೇನೆ ಅಷ್ಟೆ ಎಂದುಕೊಂಡ. ಇನ್ನೊಬ್ಬರ ಮಾತಿಗೆ ತನ್ನ ಮುಖವನ್ನು ಕೊಟ್ಟು, ಹೊಣೆಯನ್ನು ಮಾತ್ರ ಕೊಡದಿರುವ ಈ ಸ್ಥಿತಿಯೇ ನಮ್ಮ ಕಾಲದ ನಿಜವಾದ ಅನಾಮಧೇಯತೆ.

ಸುಳ್ಳು ವೇಗವಾಗಿ ಓಡುವುದೇಕೆ?

ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳ ಹಾದಿಯನ್ನು ಪರಿಶೀಲಿಸಿ 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾಗಿದೆ. ಸುಳ್ಳು ಸುದ್ದಿಯನ್ನು ಜನ ಮುಂದಕ್ಕೆ ಹಂಚುವ ಸಂಭವ ನಿಜಸುದ್ದಿಗಿಂತ ಶೇ 70ರಷ್ಟು ಹೆಚ್ಚೆಂದೂ, 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಸುಮಾರು 6 ಪಟ್ಟು ಕಾಲ ಬೇಕಾಗುತ್ತದೆಂದೂ ಅವರು ಕಂಡುಕೊಂಡರು. ಈ ವ್ಯತ್ಯಾಸಕ್ಕೆ ಸ್ವಯಂಚಾಲಿತ ಖಾತೆಗಳು ಕಾರಣವಾಗಿರಬಹುದೆಂಬ ಶಂಕೆಯನ್ನೂ ಅವರು ಪರೀಕ್ಷಿಸಿದರು. ಯಂತ್ರಗಳು ನಿಜವನ್ನೂ ಸುಳ್ಳನ್ನೂ ಸಮನಾಗಿಯೇ ಹರಡಿದ್ದವು. ಸುಳ್ಳಿಗೆ ಹೆಚ್ಚಿನ ಓಟವನ್ನು ಕೊಟ್ಟವರು ಮನುಷ್ಯರೇ.

ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಸುಳ್ಳು ಹೊಸದಾಗಿ ಕಾಣುತ್ತದೆ, ಬೆರಗನ್ನೂ ಭಯವನ್ನೂ ಜುಗುಪ್ಸೆಯನ್ನೂ ಕೆರಳಿಸುತ್ತದೆ. ಮಗುವಿನ ಸುರಕ್ಷತೆಯಂಥ ವಿಷಯದಲ್ಲಿ ತಾಯಿತಂದೆಯರ ಕಳವಳ ಸಹಜವಾದದ್ದು. ಆ ಕಳವಳದ ಬೆನ್ನೇರಿ ಸುಳ್ಳು ಸಾಗುತ್ತದೆ. ಹರಡುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ತಮ್ಮವರನ್ನು ಎಚ್ಚರಿಸುವುದು ಕರ್ತವ್ಯವೆಂದೇ ಅವರು ಭಾವಿಸಿರುತ್ತಾರೆ. ಒಳ್ಳೆಯ ಉದ್ದೇಶವೊಂದೇ ಇದ್ದು ವಿವೇಚನೆ ಇಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ಮುರ್ಕಿಯೇ ಸಾಕ್ಷಿ.

ಕಾನೂನು ಮತ್ತು ತಂತ್ರಜ್ಞಾನ ಮಾಡಬಲ್ಲದ್ದು

ಮುರ್ಕಿಯ ಘಟನೆ ನಡೆದ ನಾಲ್ಕು ದಿನಗಳಲ್ಲಿ, 2018ರ ಜುಲೈ 17ರಂದು, ಗುಂಪುಹತ್ಯೆಯ ಕುರಿತು ಮೊದಲೇ ವಿಚಾರಣೆಯಲ್ಲಿದ್ದ ಪ್ರಕರಣದಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು ಪ್ರತಿ ಜಿಲ್ಲೆಯಲ್ಲಿಯೂ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರನ್ನು ಇದಕ್ಕೆ ಹೊಣೆಗಾರರನ್ನಾಗಿ ನೇಮಿಸಬೇಕೆಂದು ನಿರ್ದೇಶಿಸಿತು. ವಾಟ್ಸ್‌ಆ್ಯಪ್ ಸಂಸ್ಥೆಯು ಅದೇ ತಿಂಗಳು ದಾಟಿಸಿದ ಸಂದೇಶಗಳಿಗೆ ಗುರುತು ಹಾಕಲು ಆರಂಭಿಸಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿಯನ್ನು ತಂದಿತು. 2020ರಲ್ಲಿ, ಬಹಳ ಸಲ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸುವಂತೆ ಅದನ್ನು ಮತ್ತಷ್ಟು ಬಿಗಿಗೊಳಿಸಿತು. ಇವು ಉಪಯುಕ್ತ ಕ್ರಮಗಳೇ. ಓಡುವ ಸುಳ್ಳಿನ ಕಾಲಿಗೆ ಇವು ತೊಡಕು ಹಾಕುತ್ತವೆ.

2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂದೇಶವನ್ನು ಮೊದಲು ಕಳುಹಿಸಿದವರನ್ನು ನ್ಯಾಯಾಲಯ ಅಥವಾ ಅಧಿಕೃತ ಪ್ರಾಧಿಕಾರ ಕೇಳಿದಾಗ ಗುರುತಿಸಿಕೊಡಬೇಕೆಂದು ದೊಡ್ಡ ಸಂಸ್ಥೆಗಳಿಗೆ ವಿಧಿಸಿದವು. ಹಾಗೆ ಮಾಡಲು ಎಲ್ಲರ ಸಂದೇಶಗಳ ಗೋಪ್ಯತೆಯನ್ನೂ ಮುರಿಯಬೇಕಾಗುತ್ತದೆಂದು ವಾಟ್ಸ್‌ಆ್ಯಪ್ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಅಪರಾಧಿಯನ್ನು ಹುಡುಕುವ ಅಗತ್ಯವೂ ನಿಜ, ನಿರಪರಾಧಿಯ ಖಾಸಗಿತನವೂ ನಿಜ. ಈ ತೊಡಕನ್ನು ನ್ಯಾಯಾಲಯಗಳು ಬಿಡಿಸಲಿ.

ಆದರೆ ಕಾನೂನು ಹೆಚ್ಚಾಗಿ ಕೈಹಾಕುವುದು ಅನಾಹುತ ನಡೆದ ಮೇಲೆ. ಕೈಬೆರಳು ಸಂದೇಶವನ್ನು ದಾಟಿಸುವ ಆ ಒಂದು ಕ್ಷಣದಲ್ಲಿ ಮನುಷ್ಯನ ಪಕ್ಕದಲ್ಲಿ ಪೊಲೀಸರೂ ಇರುವುದಿಲ್ಲ, ನ್ಯಾಯಾಧೀಶರೂ ಇರುವುದಿಲ್ಲ. ಅಲ್ಲಿ ಇರುವುದು ಅವನ ಅರಿವು ಮಾತ್ರ. ಅರಿವನ್ನು ಗುರುಸ್ಥಾನದಲ್ಲಿಟ್ಟ ಶರಣಧರ್ಮಕ್ಕೆ ಈ ಮಾತು ಹೊಸದಲ್ಲ. ಆ ಅರಿವನ್ನು ಎಲ್ಲರಲ್ಲಿಯೂ ಮೂಡಿಸುವ ವ್ಯವಸ್ಥೆ ಯಾವುದು ಎಂದು ಕೇಳಿದರೆ ಅದಕ್ಕೆ ದೊರೆಯುವ ಉತ್ತರವೇ ಸಾರ್ವಜನಿಕ ಶಿಕ್ಷಣ.

ಅಕ್ಷರ ಬಲ್ಲವರಾದರೆ ಸಾಲದು

ಓದುಬರಹ ಬಾರದವರು ಮಾತ್ರ ವದಂತಿಯನ್ನು ನಂಬುತ್ತಾರೆಂದು ತಿಳಿಯುವುದು ಸರಿಯಲ್ಲ. 2012ರ ಆಗಸ್ಟ್ ತಿಂಗಳಲ್ಲಿ, ವಿದ್ಯಾವಂತರ ನಗರವೆಂದು ಹೆಸರಾದ ಬೆಂಗಳೂರಿನಲ್ಲಿಯೇ, ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯಲಿದೆಯೆಂಬ ವದಂತಿ ಮೊಬೈಲ್ ಸಂದೇಶಗಳ ಮೂಲಕ ಹಬ್ಬಿತು. ಸಾವಿರಾರು ಜನ ದುಡಿಮೆಯನ್ನೂ ಓದನ್ನೂ ಬಿಟ್ಟು ರೈಲು ಹತ್ತಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಒಮ್ಮೆಗೇ ಬಹಳ ಜನರಿಗೆ ಸಂದೇಶ ಕಳುಹಿಸುವುದನ್ನು ಸರ್ಕಾರ ಕೆಲವು ದಿನಗಳ ಮಟ್ಟಿಗೆ ನಿರ್ಬಂಧಿಸಿತು. ಮೊಬೈಲಿನಲ್ಲಿ ಬಂದದ್ದನ್ನು ಓದಬಲ್ಲವರೇ ಅದನ್ನು ನಂಬಿದರು, ಓದಬಲ್ಲವರೇ ಹರಡಿದರು.

ಅಕ್ಷರವು ಶಿಕ್ಷಣದ ಬಾಗಿಲು ಮಾತ್ರ. ಬಾಗಿಲು ದಾಟಿ ಒಳಗೆ ಹೋದ ಮೇಲೆ ಕಲಿಯಬೇಕಾದದ್ದು ಪ್ರಶ್ನೆ ಕೇಳುವುದನ್ನು, ತೂಗಿ ನೋಡುವುದನ್ನು, ತಿಳಿಯದಿದ್ದಾಗ ಸುಮ್ಮನಿರುವುದನ್ನು. ವೈಜ್ಞಾನಿಕ ಮನೋಧರ್ಮವನ್ನೂ ಮಾನವೀಯತೆಯನ್ನೂ ಜಿಜ್ಞಾಸೆಯ ಪ್ರವೃತ್ತಿಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು 1976ರಲ್ಲಿಯೇ ನಮ್ಮ ಸಂವಿಧಾನಕ್ಕೆ ಸೇರಿಸಲಾಗಿದೆ. ಕರ್ತವ್ಯವೆಂದು ಬರೆದದ್ದನ್ನು ಕಲಿಸುವ ಸ್ಥಳ ಶಾಲೆ.

ಅದರಲ್ಲಿಯೂ ಸಾರ್ವಜನಿಕ ಶಾಲೆಗೆ ಒಂದು ವಿಶೇಷ ಶಕ್ತಿಯಿದೆ. ವದಂತಿಗೆ ಬೇಕಾದ ಇಂಧನ ಅಪರಿಚಿತರ ಬಗೆಗಿನ ಭಯ. ಬೇರೆ ಕೇರಿಯವನು, ಬೇರೆ ಧರ್ಮದವನು, ಬೇರೆ ಭಾಷೆಯವನು ಹೇಗಿರುತ್ತಾನೆಂದು ತಿಳಿಯದವನಿಗೆ ಅವನ ಬಗ್ಗೆ ಯಾವ ಸುಳ್ಳನ್ನು ಹೇಳಿದರೂ ನಂಬಿಸಬಹುದು. ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಸಾಲಿನಲ್ಲಿ ಮಧ್ಯಾಹ್ನದ ಊಟ ಮಾಡಿ, ಒಂದೇ ಅಂಗಳದಲ್ಲಿ ಆಡಿ ಬೆಳೆದ ಮಕ್ಕಳನ್ನು ಹಾಗೆ ನಂಬಿಸುವುದು ಕಷ್ಟ. ಎಲ್ಲ ಕಾಯಕದವರೂ ಒಟ್ಟಿಗೆ ಕುಳಿತ ಅನುಭವ ಮಂಟಪದ ಆಶಯಕ್ಕೆ ನಮ್ಮ ಕಾಲದಲ್ಲಿ ತೀರ ಹತ್ತಿರವಾದ ಸ್ಥಳವೆಂದರೆ ಊರಿನ ಸರ್ಕಾರಿ ಶಾಲೆ. 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣ ಹಕ್ಕೆಂಬ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಹಕ್ಕನ್ನು ದಾಖಲಾತಿಯ ಪುಸ್ತಕದಲ್ಲಷ್ಟೇ ಉಳಿಸದೆ ಒಳ್ಳೆಯ ಕಲಿಕೆಯನ್ನಾಗಿ ಮಾಡುವುದು ಸಮಾಜದ ಹೊಣೆ. ಸರ್ಕಾರಿ ಶಾಲೆ ಸೊರಗಿದರೆ ನಷ್ಟವಾಗುವುದು ಬಡವರ ಮಕ್ಕಳಿಗೆ ಮಾತ್ರವಲ್ಲ. ಊರಿನವರು ಒಬ್ಬರನ್ನೊಬ್ಬರು ಅರಿಯುವ ಒಂದು ಜಾಗವೇ ಇಲ್ಲವಾಗುತ್ತದೆ.

ಅಕ್ಷರ ದಾಸೋಹದ ಪರಂಪರೆಗೆ ಈ ವಿಷಯ ಪರಕೀಯವಲ್ಲ. ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಮಹಾಸ್ವಾಮಿಗಳು ಜಾತಿಮತಗಳನ್ನು ಎಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒಟ್ಟಿಗೆ ನೀಡಿದರು. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ, ಪಾಠವಿಲ್ಲದ ಅನ್ನ ಮಗುವನ್ನು ಸ್ವತಂತ್ರಗೊಳಿಸುವುದಿಲ್ಲ ಎಂಬ ತಿಳಿವು ಆ ತ್ರಿವಿಧ ದಾಸೋಹದಲ್ಲಿತ್ತು.

ಹಳಕಟ್ಟಿಯವರು ತೋರಿದ ದಾರಿ

ಪರೀಕ್ಷಿಸಿ ನೋಡುವುದೆಂದರೆ ಏನೆಂಬುದಕ್ಕೆ ನಮ್ಮ ಸಮಾಜದಲ್ಲಿಯೇ ಒಂದು ಉಜ್ವಲ ಉದಾಹರಣೆಯಿದೆ. ವಚನಪಿತಾಮಹ ಡಾ. ಫ.ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ವಕೀಲರಾಗಿದ್ದರು. ಮನೆಮನೆಗಳ ಅಟ್ಟದಲ್ಲಿ, ಜಗಲಿಯ ಪೂಜೆಯಲ್ಲಿ ಉಳಿದಿದ್ದ ಓಲೆಗರಿಯ ಕಟ್ಟುಗಳನ್ನು ಊರೂರು ತಿರುಗಿ ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಇದಕ್ಕಾಗಿ ತಮ್ಮ ಗಳಿಕೆಯನ್ನೆಲ್ಲ ಸುರಿದರು.

ವಚನಗಳ ಸಂಪಾದನೆಯೆಂದರೆ ಸಿಕ್ಕಿದ್ದನ್ನು ಅಚ್ಚು ಹಾಕುವುದಲ್ಲ. ಒಂದು ಪ್ರತಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಯಾವ ಪಾಠ ಮೂಲದ್ದು, ಯಾವುದು ಬರೆದವನ ಕೈತಪ್ಪು, ಯಾವುದು ಅನಂತರ ಸೇರಿದ್ದು ಎಂದು ನಿರ್ಧರಿಸಬೇಕು. ಬಸವಣ್ಣನವರ ಅಂಕಿತ ಕೂಡಲಸಂಗಮದೇವ, ಚೆನ್ನಬಸವಣ್ಣನವರ ಅಂಕಿತ ಕೂಡಲಚೆನ್ನಸಂಗಮದೇವ. ನಡುವೆ ಒಂದು ಪದ ಬಿಟ್ಟುಹೋದರೆ ವಚನಕಾರರೇ ಬದಲಾಗುತ್ತಾರೆ. ಅಂಕಿತದ ಮಹತ್ವ ಎಷ್ಟೆಂದರೆ, ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿದ ಆವೃತ್ತಿಯೊಂದನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಾಗ ಆ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 2017ರಲ್ಲಿ ನ್ಯಾಯಾಲಯ ಸರ್ಕಾರದ ಕ್ರಮವನ್ನೇ ಎತ್ತಿಹಿಡಿಯಿತು.

ಹಳಕಟ್ಟಿಯವರು ಗ್ರಂಥಗಳಲ್ಲಿಯೇ ಮುಳುಗಿ ಉಳಿಯಲಿಲ್ಲ ಎಂಬುದೂ ಸ್ಮರಣೀಯ. 1910ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಅವರೇ ಕಾರಣರಾದರು. ಪಠ್ಯವನ್ನು ಶೋಧಿಸುವ ಕೈಯೇ ಶಾಲೆಯನ್ನೂ ಕಟ್ಟಿತು. ನಿಜವಾದ ವಚನವನ್ನು ಮುದ್ರಿಸಿದರೆ ಸಾಲದು, ಅದನ್ನು ಓದಿ ವಿವೇಚಿಸಬಲ್ಲ ಜನರನ್ನೂ ಬೆಳೆಸಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಶರಣರ ಭಾವಚಿತ್ರದ ಕೆಳಗೆ, ಅವರು ಎಂದೂ ಆಡದ ಮಾತುಗಳನ್ನು ಬರೆದು ಹಂಚುವ ರೂಢಿ ಇಂದು ಹೆಚ್ಚಾಗಿದೆ. ಮಾತು ಚೆನ್ನಾಗಿದೆಯಲ್ಲ ಎಂಬ ಸಮಾಧಾನದಲ್ಲಿ ಭಕ್ತರೂ ಅದನ್ನು ದಾಟಿಸುತ್ತಾರೆ. ಹಳಕಟ್ಟಿಯವರ ಬದುಕಿಗೆ ನಾವು ಮಾಡುವ ಅಪಚಾರ ಇದಕ್ಕಿಂತ ಬೇರಿಲ್ಲ.

ನಮ್ಮ ಕೈಯಲ್ಲಿರುವ ಕಾಯಕ

ನೆರೆಯ ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಜಿಲ್ಲಾಡಳಿತವು 2018ರಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗೆ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠಗಳನ್ನು ಏರ್ಪಡಿಸಿತು. ಇದಕ್ಕೆ ದುಬಾರಿ ಉಪಕರಣಗಳಾಗಲಿ ದೊಡ್ಡ ಯೋಜನೆಯಾಗಲಿ ಬೇಕಾಗಿಲ್ಲ. ಯಾವುದೇ ಸಂದೇಶ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಮಕ್ಕಳಲ್ಲಿಯೂ ಹಿರಿಯರಲ್ಲಿಯೂ ಬೆಳೆಸಬೇಕು.

ಇದನ್ನು ಮೊದಲು ಹೇಳಿದವರು ಯಾರು? ಕಳುಹಿಸಿದವರ ಹೆಸರಲ್ಲ, ಹೇಳಿದವರ ಹೆಸರು ಬೇಕು. ಇದು ಎಲ್ಲಿಯದು, ಯಾವಾಗಿನದು? ಹಳೆಯ ಚಿತ್ರವನ್ನು, ಬೇರೆ ದೇಶದ ಚಿತ್ರವನ್ನು ಇಂದಿನದೆಂದು ತೋರಿಸುವುದು ಸುಲಭ. ಇದರ ಮುಂದಿನ ಭಾಗವೇನು, ಹಿಂದಿನ ಭಾಗವೇನು? ಕರಾಚಿಯ ಚಿತ್ರದಲ್ಲಿ ಕತ್ತರಿಸಿದ ಕೊನೆಯ ಕ್ಷಣಗಳಲ್ಲಿಯೇ ಸತ್ಯವೆಲ್ಲ ಇತ್ತು. ಇದು ಸುಳ್ಳಾಗಿದ್ದರೆ ಪೆಟ್ಟು ಬೀಳುವುದು ಯಾರಿಗೆ? ಈ ಕೊನೆಯ ಪ್ರಶ್ನೆಗೆ ಉತ್ತರ ಯಾವನೋ ಒಬ್ಬ ಅಪರಿಚಿತನ ಪ್ರಾಣವೆಂದಾದರೆ, ಉಳಿದ ಮೂರಕ್ಕೆ ಉತ್ತರ ದೊರೆಯುವವರೆಗೆ ಸಂದೇಶವು ನಮ್ಮಲ್ಲಿಯೇ ನಿಲ್ಲಬೇಕು.

ಮಠಗಳ ಪ್ರಸಾದನಿಲಯಗಳಲ್ಲಿ ಸಾಮೂಹಿಕ ಪ್ರಾರ್ಥನೆಯ ನಂತರ ವಾರಕ್ಕೊಮ್ಮೆ ಇಂಥ ಒಂದು ಸಂದೇಶವನ್ನು ತೆಗೆದುಕೊಂಡು ಮಕ್ಕಳೇ ಅದರ ಮೂಲವನ್ನು ಹುಡುಕುವಂತೆ ಮಾಡಬಹುದು. ಬಸವ ಕೇಂದ್ರಗಳ, ಅಕ್ಕನ ಬಳಗಗಳ ಗೋಷ್ಠಿಗಳಲ್ಲಿ ಇದಕ್ಕೆ ಅರ್ಧ ಗಂಟೆಯನ್ನು ಮೀಸಲಿಡಬಹುದು. ಭಕ್ತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವಚನವನ್ನು ಹಂಚುವವರು, ಎಂ.ಎಂ. ಕಲಬುರ್ಗಿಯವರ ನೇತೃತ್ವದಲ್ಲಿ 1993ರಲ್ಲಿ 15 ಭಾಗಗಳಲ್ಲಿ ಹೊರಬಂದ ಸಮಗ್ರ ವಚನ ಸಂಪುಟದಲ್ಲಿ ಅದು ಇದೆಯೇ ಎಂದು ನೋಡಿ ಸಂಪುಟ ಮತ್ತು ವಚನದ ಸಂಖ್ಯೆಯನ್ನು ಜೊತೆಗೆ ಬರೆಯುವ ನಿಯಮ ಮಾಡಿಕೊಳ್ಳಬಹುದು. ವಚನ ಸಂಚಯದಂಥ ಜಾಲತಾಣಗಳಿಂದ ಆ ಹುಡುಕಾಟ ಈಗ ಕೆಲವು ನಿಮಿಷಗಳ ಕೆಲಸವಾಗಿದೆ. ಗುಂಪಿನ ಹಿರಿಯರು ತಪ್ಪು ಸಂದೇಶವನ್ನು ಕಂಡಾಗ ಕಳುಹಿಸಿದವರನ್ನು ಎಲ್ಲರೆದುರು ಹೀಯಾಳಿಸದೆ, ಪ್ರತ್ಯೇಕವಾಗಿ ಮೃದುವಾದ ಮಾತಿನಲ್ಲಿ ತಿಳಿಸುವುದು ಒಳಿತು. ನಾಚಿಕೆಗೊಳಗಾದವನು ಮಾತನ್ನು ಸಮರ್ಥಿಸಿಕೊಳ್ಳುತ್ತಾನೆ, ಗೌರವ ಪಡೆದವನು ತಿದ್ದಿಕೊಳ್ಳುತ್ತಾನೆ. ಇವೆಲ್ಲದರೊಂದಿಗೆ, ತಮ್ಮ ಊರಿನ ಸರ್ಕಾರಿ ಶಾಲೆಗೆ ಶಿಕ್ಷಕರಿದ್ದಾರೆಯೇ, ಗ್ರಂಥಾಲಯವಿದೆಯೇ, ಎಲ್ಲ ಕೇರಿಯ ಮಕ್ಕಳೂ ಅಲ್ಲಿ ಒಟ್ಟಿಗೆ ಕಲಿಯುತ್ತಿದ್ದಾರೆಯೇ ಎಂದು ವಿಚಾರಿಸುವುದೂ ದಾಸೋಹದ ಭಾಗವೇ ಆಗಬೇಕು.

ಹೆಸರನ್ನು ಮರೆಮಾಡುವ ಹಕ್ಕು ಅಗತ್ಯವಿರುವವರಿಗೆ ಉಳಿಯಲಿ. ಆದರೆ ಕೈಯಲ್ಲಿ ಮೊಬೈಲ್ ಹಿಡಿದ ನಾವೆಲ್ಲರೂ ಇಂದು ಒಂದರ್ಥದಲ್ಲಿ ಓಲೆಗರಿಯ ಲಿಪಿಕಾರರೇ ಆಗಿದ್ದೇವೆ. ನಾವು ದಾಟಿಸುವ ಪ್ರತಿಯೊಂದು ಮಾತಿಗೂ ಕಾಣದಂತೆ ನಮ್ಮ ಅಂಕಿತ ಬೀಳುತ್ತದೆ. ಆ ಅಂಕಿತಕ್ಕೆ ನಾವು ಉತ್ತರ ಹೇಳಲು ಸಿದ್ಧರಿರುವ ಮಾತನ್ನಷ್ಟೇ ಮುಂದಕ್ಕೆ ಕಳುಹಿಸುವ ಸಂಕಲ್ಪವನ್ನು ಶರಣಬಂಧುಗಳೆಲ್ಲರೂ ಮಾಡಬೇಕಾಗಿದೆ.